ಒಂದು ಲೀಟರಿಗೆ ಒಂಬತ್ತು ಕಿಲೋಮೀಟರ್

ನಮ್ಮ ಕಾರ್ಖಾನೆಯ ಪಿಕಪ್ ಡ್ರೈವರ್ ಅಮರೇಶಪ್ಪ ಕಳೆದ ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬೊಂಬಾಯಿ ರಸ್ತೆಯ ಬದಿಯಲ್ಲಿ ತೀರಿಕೊಂಡ. ವಯಸ್ಸು ಐವತ್ತನಾಲ್ಕು. ಹೃದಯಾಘಾತ ಎಂದು ಡಾಕ್ಟರು ಬರೆದುಕೊಟ್ಟರು. ಮಲ್ಕಾಜ್‌ಗಿರಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಜಯಮ್ಮ ಇದ್ದಾಳೆ. ಮಕ್ಕಳಿಲ್ಲ.

ಲಿಂಗಸುಗೂರಿನ ಕಡೆಯವನು. ೧೯೬೧ರಲ್ಲಿ ಕಾಚಿಗೂಡದಲ್ಲಿ ರೈಲಿಳಿದು ಬಂದು ಕಾರ್ಖಾನೆ ಸೇರಿದ. ಆ ಪೆಟ್ರೋಲ್ ಪಿಕಪ್ಪೂ ಅದೇ ವರ್ಷ ಹೊಸದಾಗಿ ಬಂದಿತ್ತು. ಈ ಇಪ್ಪತ್ತೊಂದು ವರ್ಷಗಳಲ್ಲಿ ಬೇರೆಯವರು ಅದನ್ನು ಓಡಿಸಿದ್ದು ಅವನಿಗೆ ಟೈಫಾಯಿಡ್ ಬಂದಿದ್ದ ಹದಿನೆಂಟು ದಿನ ಮಾತ್ರ. ನಾನು ಸಾರಿಗೆ ವಿಭಾಗದ ಟೈಪಿಸ್ಟ್. ಊಟದ ಹೊತ್ತಿನಲ್ಲಿ ಪುಸ್ತಕ ಓದುತ್ತೇನೆಂದು ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಹದಿನಾಲ್ಕು ವರ್ಷ ಒಂದೇ ಬೆಂಚಿನ ಮೇಲೆ ಕೂತು ರೊಟ್ಟಿ ತಿಂದೆವು.

ಈ ವರ್ಷದ ಆರಂಭದಲ್ಲಿ ನಮ್ಮ ಸಾರಿಗೆ ಅಧಿಕಾರಿ ಶ್ರೀನಿವಾಸ ಅವನನ್ನು ಕರೆಸಿದರು. ಮೈಸೂರು ಕಡೆಯವರು, ಮಾತು ಮೆತ್ತಗೆ.

"ಏನ್ರೀ ಅಮರೇಶಪ್ಪ, ಲೀಟರಿಗೆ ಆರೂವರೆ ಕಿಲೋಮೀಟರಾ? ಇದನ್ನ ಸಾಕೋ ಬದಲು ಆನೆ ಸಾಕ್ಬೋದಿತ್ತು. ಒಂಬತ್ತು ಕೊಟ್ರೆ ಗಾಡಿ ಇರುತ್ತೆ. ಇಲ್ಲಾಂದ್ರೆ ಹರಾಜು. ಡೀಸೆಲ್ ಗಾಡಿ ಅದರ ಡ್ರೈವರ್ ಜೊತೆ ಬಾಡಿಗೆಗೆ ಬರುತ್ತೆ. ನೀವು ಕ್ಯಾಂಟೀನಿಗೆ, ತಟ್ಟೆ ತೊಳೆಯೋಕೆ."

ಅಮರೇಶಪ್ಪ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ: "ಒಂಬತ್ತ ಕೊಡ್ತೈತ್ರಿ ಮಾಸ್ತರ. ಅದಕ್ಕ ಮೈಯಾಗ ಆರಾಮಿಲ್ಲ ಅಷ್ಟ."

ಮರುದಿನದಿಂದಲೇ ಶುರು ಮಾಡಿದ. ಒಂದೊಂದೇ ಚಕ್ರವನ್ನು ಜಾಕಿನ ಮೇಲೆ ಎತ್ತಿ ಕೈಯಿಂದ ತಿರುಗಿಸಿದ. ಹಿಂದಿನ ಎಡ ಚಕ್ರ ಅರ್ಧ ಸುತ್ತಿಗೇ ನಿಂತಿತು. ಬ್ರೇಕು ಹಿಡಿದುಕೊಂಡೇ ಅದೆಷ್ಟು ವರ್ಷ ಓಡಿತ್ತೋ. ಅದನ್ನು ಬಿಚ್ಚಿ ಸರಿಮಾಡಿದ ಮೇಲೆ ಏಳು ದಾಟಿತು. ಏರ್ ಕ್ಲೀನರನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಆಯಿಲ್ ಹಾಕಿದ. ಪ್ಲಗ್ಗುಗಳನ್ನು ಉಜ್ಜಿ ಸಂದು ಸರಿಮಾಡಿದ. ಟೈರಿನ ಗಾಳಿಯನ್ನು ಪ್ರತಿ ಸೋಮವಾರ ಬಿಸಿಲೇರುವ ಮೊದಲೇ, ರಬ್ಬರು ತಣ್ಣಗಿರುವಾಗಲೇ ನೋಡುತ್ತಿದ್ದ. ತಾಡಪತ್ರಿಯ ಕಬ್ಬಿಣದ ಕಮಾನುಗಳನ್ನೂ ಹಿಂದಿನ ಬೆಂಚನ್ನೂ ಕಳಚಿ ಶೆಡ್ಡಿನಲ್ಲಿಟ್ಟ. ಎಕ್ಸಿಲರೇಟರ್ ಎಷ್ಟು ಒತ್ತುತ್ತಿದ್ದೇನೆಂದು ಅಂಗಾಲಿಗೇ ತಿಳಿಯಬೇಕೆಂದು ಚಪ್ಪಲಿ ಬಿಟ್ಟು ಓಡಿಸತೊಡಗಿದ.

ಶೆಡ್ಡಿಗೆ ಇದೊಂದು ನಾಟಕವಾಯಿತು. ಮೆಕ್ಯಾನಿಕ್ ಗುರುಸಿದ್ದಪ್ಪ ದಿನಾ ಕೂಗುತ್ತಿದ್ದ: "ಏ ಅಮರೇಶಪ್ಪ, ಮೀಸಿ ತಗಸೋ, ಅರ್ಧ ತೊಲಿ ಕಡಿಮಿ ಆಗ್ತೈತಿ!" ನಾವೆಲ್ಲ ನಗುತ್ತಿದ್ದೆವು. ಒಮ್ಮೆ ಅವನೇ ನಿಜವಾಗಿ ಒಂದು ಉಪಾಯ ಹೇಳಿಕೊಟ್ಟ: ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಗಾಡಿ ಬಿಟ್ಟುಬಿಡು.

"ಒಲ್ಲೆ," ಎಂದ ಅಮರೇಶಪ್ಪ. "ಅದು ಗಾಡಿ ಕೊಟ್ಟಿದ್ದಲ್ಲ, ಇಳಿಜಾರ ಕೊಟ್ಟಿದ್ದು."

ಕಾಲುನೋವಿದ್ದ ಜಯಮ್ಮ ಒಂದು ದಿನ ಕೂಕಟ್‌ಪಲ್ಲಿಯ ಸಂತೆಯಲ್ಲಿ ಸಿಕ್ಕು ಗಾಡಿ ಹತ್ತಲು ಬಂದಾಗ, ಭಾರವಾಗುತ್ತದೆ ಎಂದು ಬಸ್ಸಿಗೆ ಕಳಿಸಿದನಂತೆ. ಮೊನ್ನೆ ಮಣ್ಣು ಮಾಡಿದ ದಿನ ಅವಳೇ ನನಗೆ ಹೇಳಿದಳು, ಸಿಟ್ಟಿಲ್ಲದೆ.

ಜುಲೈ ಹೊತ್ತಿಗೆ ಎಂಟೂಮುಕ್ಕಾಲು ಬಂತು. ಗುರುವಾರ ಪರೀಕ್ಷೆ ಎಂದು ಶ್ರೀನಿವಾಸ ಗೊತ್ತುಮಾಡಿದರು.

ಅದೇ ವಾರ ಸೋಮವಾರ ಎರಡು ಆದೇಶಗಳನ್ನು ಟೈಪ್ ಮಾಡಿದ್ದು ನಾನೇ. ಒಂದು ಪಿಕಪ್ಪಿನ ಹರಾಜಿಗೆ, ಇನ್ನೊಂದು ಅಮರೇಶಪ್ಪನ ಕ್ಯಾಂಟೀನ್ ವರ್ಗಕ್ಕೆ. ಸಹಿಯೂ ಆಯಿತು. "ಈಗಲೇ ಹೇಳ್ಬೇಡಿ," ಎಂದರು ಶ್ರೀನಿವಾಸ, "ಗುರುವಾರ ಸ್ವಲ್ಪ ತಮಾಷೆ ನೋಡೋಣ." ಬುಧವಾರ ಬೆಂಚಿನ ಮೇಲೆ ಅಮರೇಶಪ್ಪ ಕೇಳಿದ: "ಆಗ್ತೈತಲ್ರಿ ಮಾಸ್ತರ?" ಆಗುತ್ತೆ ಎಂದೆ. ಅವನ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಸಿಕೊಂಡೆ.

ಪರೀಕ್ಷೆಯ ಪದ್ಧತಿ ಸರಳ. ಟ್ಯಾಂಕಿನ ಪೈಪು ಕಳಚಿ, ಒಂದು ಲೀಟರ್ ಪೆಟ್ರೋಲಿನ ಬಾಟಲಿಯನ್ನು ಗಾಡಿಗೆ ಕಟ್ಟಿ, ಅದರಿಂದ ಎಂಜಿನ್ನಿಗೆ ನಳಿಗೆ ಜೋಡಿಸುತ್ತಾರೆ. ಬಾಟಲಿ ಬರಿದಾಗಿ ಗಾಡಿ ನಿಂತಲ್ಲಿಗೆ ಮುಗಿಯಿತು. ಕಾರ್ಖಾನೆಯ ಗೇಟಿನಿಂದ ಕೂಕಟ್‌ಪಲ್ಲಿ ದಾಟಿ ಬೊಂಬಾಯಿ ರಸ್ತೆಯಲ್ಲಿ ಒಂಬತ್ತನೆಯ ಕಿಲೋಮೀಟರ್ ಕಲ್ಲು ಮುಟ್ಟಬೇಕಿತ್ತು.

ಹೊರಡುವ ಹೊತ್ತಿಗೆ ಶ್ರೀನಿವಾಸ ಹಿಂದೆ ನಾಲ್ಕು ಮರಳಿನ ಚೀಲ ಹಾಕಿಸಿದರು. "ಲೋಡ್ ಇಲ್ದೆ ಏನ್ ಟೆಸ್ಟ್ರೀ?" ಎಂದು ತಾವು ಮುಂದೆ ಕೂತರು. ಚೀಲಗಳ ಮೇಲೆ ನಾನು, ಗುರುಸಿದ್ದಪ್ಪ.

ಅಮರೇಶಪ್ಪ ಚೀಲಗಳನ್ನು ನೋಡಿ, ಚಪ್ಪಲಿ ಬಿಟ್ಟು ಗಾಡಿ ಹತ್ತಿದ. ಅಷ್ಟು ನಯವಾಗಿ ಗಾಡಿ ಓಡಿದ್ದನ್ನು ನಾನು ಕಂಡಿಲ್ಲ. ಎದುರಿನ ಎತ್ತಿನ ಗಾಡಿಯನ್ನು ದೂರದಿಂದಲೇ ನೋಡಿ ಕಾಲು ಸಡಿಲಿಸುತ್ತಿದ್ದ. ಇಡೀ ದಾರಿಯಲ್ಲಿ ಬ್ರೇಕ್ ಒತ್ತಿದ್ದು ಎರಡು ಸಲ. ಎಂಟನೆಯ ಕಲ್ಲು ದಾಟಿತು. ಆಮೇಲೆ ಒಂದು ಸಣ್ಣ ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಒಂಬತ್ತನೆಯ ಕಲ್ಲು ಕಣ್ಣೆದುರಿಗೇ ಇತ್ತು, ನೂರು ಹೆಜ್ಜೆ ದೂರದಲ್ಲಿ.

"ಬಾಟ್ಲಿ ಖಾಲಿ. ಆಟ ಮುಗೀತು, ಅಮರೇಶಪ್ಪ."

"ಸಾಹೇಬ್ರ, ಕಲ್ಲು ಅಲ್ಲೇ ಕಾಣಾಕತ್ತೈತ್ರಿ."

"ಕಾಣ್ಸುತ್ತೆ, ಮುಟ್ಲಿಲ್ಲ."

"ಚೀಲ ಇರಲಿಲ್ಲಂದ್ರ ಮುಟ್ಟತಿತ್ರಿ."

ಶ್ರೀನಿವಾಸ ನಕ್ಕರು. "ಸರಿ. ತಳ್ಕೊಂಡು ಹೋಗಿ ಮುಟ್ಸಿ. ಅದನ್ನೂ ಒಂಬತ್ತು ಅಂತಲೇ ಬರೀತೀನಿ. ಒಬ್ರೇ ತಳ್ಬೇಕು."

ಅಮರೇಶಪ್ಪ ಅವರ ಮುಖ ನೋಡಿದ. "ಖರೇನ್ರಿ ಸಾಹೇಬ್ರ?"

"ಖರೇನೇ."

ಅವನು ಇಳಿದ. ಗುರುಸಿದ್ದಪ್ಪ ಏಳಲು ಹೋದ. "ಯಾರೂ ಇಳಿಯೋ ಹಾಗಿಲ್ಲ, ಲೋಡ್ ಕಮ್ಮಿ ಆಗುತ್ತೆ," ಎಂದರು ಶ್ರೀನಿವಾಸ ಮುಂದಿನಿಂದ. ಗುರುಸಿದ್ದಪ್ಪ ನಗುತ್ತ ಕೂತ. ನಾನೂ ನಕ್ಕೆ. ಆದೇಶದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಹೆಗಲು ಕೊಟ್ಟು, ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಅವನು ಏರಿನಲ್ಲಿ ಗಾಡಿ ತಳ್ಳಿದ. ಮೊದಲು ಅಲುಗಲಿಲ್ಲ. ಆಮೇಲೆ ಗೇಣು, ಮೊಳ, ಮಾರು ಸರಿಯಿತು. ಮೂರು ಸಲ ನಿಂತ. ನಿಂತಾಗಲೆಲ್ಲ ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದು, ಉಸಿರು ತಿರುಗಿಸಿಕೊಂಡು, ಮತ್ತೆ ಬಿಟ್ಟ. ಹಿಂದೆ ಕೂತ ನಮಗೆ ಅವನ ಬೆನ್ನು ಕಾಣುತ್ತಿತ್ತು. ಅಂಗಿ ತೊಯ್ದು ಅಂಟಿಕೊಂಡಿತ್ತು. ಮೂರನೆಯ ಸಲದ ನಂತರ ಯಾರೂ ನಗಲಿಲ್ಲ. ಯಾರೂ ಇಳಿಯಲೂ ಇಲ್ಲ.

ಮುಂದಿನ ಚಕ್ರ ಕಲ್ಲಿನ ಸಮಕ್ಕೆ ಬಂತು. ಅವನು ಕೊನೆಯ ಸಲ ಹ್ಯಾಂಡ್‌ಬ್ರೇಕ್ ಎಳೆದ. ಬಾನೆಟ್ ಹಿಡಿದುಕೊಂಡು ನಿಧಾನಕ್ಕೆ ಆಚೆ ಬದಿಗೆ ನಡೆದ. ಮುಖ ಬೂದಿ ಬಣ್ಣವಾಗಿತ್ತು. ಅಂಗಿಯ ಗುಂಡಿಗಳನ್ನು ನೋಡಿಕೊಂಡು, ಶ್ರೀನಿವಾಸ ಕೂತಿದ್ದ ಕಡೆಯ ಬಾಗಿಲನ್ನು ತೆರೆದು ಹಿಡಿದ.

"ಬಂತ್ರಿ ಸಾಹೇಬ್ರ," ಎಂದ.