ಅಗೆರ್ರೆ ಮನೆಯ ಜೇನಿಗೆ ಹೇಳದೆ ಉಳಿದ ಸುದ್ದಿ

ಬಾಸ್ಕ್ ನಾಡಿನ ಅರಲಾರ್ ಬೆಟ್ಟದ ಕೆಳಗಿನ ನಮ್ಮೂರಲ್ಲಿ ಮನುಷ್ಯರಿಗಿಂತ ಮನೆಯ ಹೆಸರೇ ದೊಡ್ಡದು. ಶೆಶಿಲಿ ಎಂದರೆ ಯಾರಿಗೂ ತಿಳಿಯದು, ಅಗೆರ್ರೆಯ ಶೆಶಿಲಿ ಎಂದರೆ ಎಲ್ಲರಿಗೂ ಗೊತ್ತು. ಅಗೆರ್ರೆಗೂ ಪಕ್ಕದ ಲಿಸಾರ್ದಿ ಮನೆಗೂ ನಡುವೆ ಸೊಂಟದೆತ್ತರದ ಕಲ್ಲುಗೋಡೆ. ಗೋಡೆಯ ಎರಡೂ ಬದಿಗೆ ಜೇನುಪೆಟ್ಟಿಗೆಗಳ ಸಾಲು.

ನಮ್ಮಲ್ಲಿ ಹೀಗೆ ತೀರ ಹತ್ತಿರದ ಮನೆಗೆ ಮೊದಲ ನೆರೆ ಎನ್ನುತ್ತೇವೆ. ರಕ್ತ ಹಂಚಿಕೊಂಡವರಿಗಿಂತ ಅವರ ಹಕ್ಕು ಹೆಚ್ಚು, ಹೊರೆಯೂ ಹೆಚ್ಚು. ಒಂದು ಮನೆಯಲ್ಲಿ ಸಾವಾದರೆ ಶವದ ಮುಂದೆ ಶಿಲುಬೆ ಹಿಡಿದು ನಡೆಯುವವರು ಅವರು. ಅದಕ್ಕೂ ಮುಂಚೆ ಆ ಮನೆಯ ಜೇನುಪೆಟ್ಟಿಗೆಗಳನ್ನು ತಟ್ಟಿ, ಒಡೆಯ ತೀರಿಕೊಂಡ, ಮೇಣ ಮಾಡಿ, ಚರ್ಚಿನಲ್ಲಿ ಅವನಿಗೆ ದೀಪ ಹಚ್ಚಬೇಕು ಎಂದು ಹೇಳುವವರೂ ಅವರೇ. ಸಾವಾದ ಮನೆಯವರು ತಾವೇ ಹೇಳುವ ಹಾಗಿಲ್ಲ. ಯಾರೂ ಹೇಳದಿದ್ದರೆ ಜೇನು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಹಸು ಸತ್ತರೆ ಸತ್ತಿತು ಎನ್ನುತ್ತೇವೆ, ಜೇನುಹುಳಕ್ಕೆ ಮಾತ್ರ ತೀರಿಕೊಂಡಿತು ಎನ್ನುತ್ತೇವೆ. ಅಷ್ಟು ಮರ್ಯಾದೆ ಅದಕ್ಕೆ.

ಶೆಶಿಲಿ ಹುಟ್ಟಿದ್ದು ೧೯೩೬ರ ಅಂತರ್ಯುದ್ಧಕ್ಕೆ ಮೂರು ವರ್ಷ ಮುಂಚೆ. ಅವಳು ಶಾಲೆಗೆ ಸೇರುವ ಹೊತ್ತಿಗೆ ನಮ್ಮ ಬಾಸ್ಕ್ ಮಾತಿಗೆ ನಿಷೇಧ ಬಿದ್ದಿತ್ತು. ಮೇಷ್ಟರ ಹತ್ತಿರ ಒಂದು ತಾಮ್ರದ ಉಂಗುರವಿತ್ತು. ಮನೆಮಾತು ಆಡಿ ಸಿಕ್ಕಿಬಿದ್ದವರ ಬೆರಳಿಗೆ ಅದು. ಅವರು ಇನ್ನೊಬ್ಬರು ಬಾಸ್ಕ್ ಆಡುವುದನ್ನು ಕದ್ದು ಕೇಳಿ ಉಂಗುರ ದಾಟಿಸಬೇಕು. ಶನಿವಾರ ಯಾರ ಬೆರಳಲ್ಲಿ ಉಳಿಯುತ್ತದೋ ಅವರಿಗೆ ಬೆತ್ತ. ಏಳು ವರ್ಷದ ಶೆಶಿಲಿಯ ಬೆರಳಲ್ಲಿ ಅದು ಮೂರು ಶನಿವಾರ ಉಳಿಯಿತು. ಸುತ್ತ ಎಲ್ಲರೂ ಬಾಸ್ಕ್ ಆಡುತ್ತಿದ್ದರು, ಅವಳು ಯಾರಿಗೂ ದಾಟಿಸಲಿಲ್ಲ. ನಾಲ್ಕನೆಯ ವಾರ ಮೇಷ್ಟರೇ ಬೇಸತ್ತು ಉಂಗುರ ಕಿತ್ತುಕೊಂಡರು. ನಮ್ಮೂರ ಮುದುಕರು ಈಗಲೂ ಇದನ್ನು ಹೇಳುವಾಗ ತಗ್ಗಿದ ದನಿಯಲ್ಲೇ ಹೇಳುತ್ತಾರೆ.

ಗಂಡ ಲೊಂಚೊ ಅಂಚೆಯವನು. ಆ ಯುದ್ಧ ಗೆದ್ದ ಸರ್ವಾಧಿಕಾರಿಯ ಕಾಲದಲ್ಲಿ ನಮ್ಮ ಬಾವುಟ ಮನೆಯಲ್ಲಿ ಸಿಕ್ಕರೆ ಜೈಲು. ಆ ಬಾವುಟವನ್ನು ಕಾಗದಗಳ ಅಡಿಯಲ್ಲಿ ಮಡಚಿಟ್ಟು ಕಣಿವೆಯಿಂದ ಕಣಿವೆಗೆ ದಾಟಿಸಿದವನು ಅವನು. ಇಬ್ಬರಿಗೂ ಮಕ್ಕಳಾಗಲಿಲ್ಲ. ಲಿಸಾರ್ದಿಯ ಬಿಶೆಂಟಾಳ ಮಗ ಗೈಸ್ಕ ಗೋಡೆ ಹಾರಿ ಬಂದು ಇವರ ಅಡುಗೆಮನೆಯಲ್ಲೇ ಬೆಳೆದ.

ಸರ್ವಾಧಿಕಾರಿ ಸತ್ತ, ಬಾವುಟ ಹಾರಿತು, ಮಕ್ಕಳು ಶಾಲೆಯಲ್ಲಿ ಬಾಸ್ಕ್ ಕಲಿತರು. ಆದರೆ ಅವನ ವಿರುದ್ಧ ಬಂದೂಕು ಹಿಡಿದಿದ್ದ ನಮ್ಮವರ ಸಂಘಟನೆ ಬಂದೂಕು ಇಳಿಸಲಿಲ್ಲ. ಪೂರ್ತಿ ಸ್ವಾತಂತ್ರ್ಯ ಬರುವವರೆಗೂ ಯುದ್ಧ ಎಂದಿತು. ನಮ್ಮಲ್ಲಿ ಅರ್ಧ ಜನ ಚಪ್ಪಾಳೆ ಹೊಡೆದೆವು, ಉಳಿದರ್ಧ ಬಾಯಿ ಮುಚ್ಚಿಕೊಂಡೆವು. ೧೯೮೩ರ ನವೆಂಬರಿನಲ್ಲಿ ಚೆಂಡಾಟದ ಅಂಗಳದ ಗೋಡೆಯ ಮೇಲೆ ಲೊಂಚೊನ ಹೆಸರು ಬಿತ್ತು, ಪಕ್ಕದಲ್ಲಿ 'ಚಾಡಿಕೋರ' ಎಂದು. ಅವನು ಪೊಲೀಸರ ಠಾಣೆಯಲ್ಲಿ ಕಾಫಿ ಕುಡಿಯುತ್ತಾನಂತೆ! ಅಂಚೆಯವನು ಠಾಣೆಗೂ ಕಾಗದ ಕೊಡಬೇಕಲ್ಲ, ಕೊಟ್ಟವನಿಗೆ ಅವರು ಕಾಫಿ ಕೊಟ್ಟರೆ ಕುಡಿಯುತ್ತಾನೆ. ಇಷ್ಟು ಸಣ್ಣ ಲೆಕ್ಕ ನಮ್ಮ ತಲೆಗೆ ಹತ್ತಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಸೇತುವೆಯ ತಿರುವಿನಲ್ಲಿ, ಹೆಗಲಲ್ಲಿ ಚೀಲವಿರುವಂತೆಯೇ ಅವನಿಗೆ ಗುಂಡು ಹೊಡೆದರು.

ಊರು ಕಿಟಕಿ ಮುಚ್ಚಿತು. 'ಏನೋ ಮಾಡಿರಬೇಕು' ಎಂದುಕೊಂಡೆವು. ಹೇಡಿಗಳಿಗೆ ಇದಕ್ಕಿಂತ ಬೆಚ್ಚಗಿನ ಮಾತು ಇನ್ನೊಂದಿಲ್ಲ. ಶೆಶಿಲಿ ಬಾಗಿಲು ತೆರೆದಿಟ್ಟುಕೊಂಡು ಮಧ್ಯಾಹ್ನದವರೆಗೂ ಬಿಶೆಂಟಾಳಿಗಾಗಿ ಕಾದಳು. ಬಿಶೆಂಟಾ ಬರಲಿಲ್ಲ. ಕೊನೆಗೆ ಹೆಂಡತಿಯೇ ಗಂಡನ ಶವದ ಮುಂದೆ ಶಿಲುಬೆ ಹಿಡಿದು ನಡೆದಳು, ಹಿಂದೆ ಬಂದವರು ಆರು ಜನ. ಜೇನಿಗೆ ಯಾರೂ ಹೇಳಲಿಲ್ಲ. ಹೊಸ ವರ್ಷ ಬರುವಷ್ಟರಲ್ಲಿ ಅಗೆರ್ರೆಯ ಮೂರೂ ಪೆಟ್ಟಿಗೆ ಖಾಲಿ.

ನಾಲ್ಕು ವರ್ಷದ ಮೇಲೆ ಗೈಸ್ಕ ಸಿಕ್ಕಿಬಿದ್ದ. ಲೊಂಚೊ ತಿರುವಿಗೆ ಬರುವ ಹೊತ್ತನ್ನು ಸಂಘಟನೆಗೆ ಹೇಳಿದ್ದವನು ಅವನೇ ಎಂದು ಕೋರ್ಟಿನಲ್ಲಿ ಬಯಲಾಯಿತು. ಅವನನ್ನು ಸಾವಿರ ಕಿಲೋಮೀಟರು ದೂರದ ದಕ್ಷಿಣದ ಜೈಲಿಗೆ ಹಾಕಿದರು. ಗಾಜಿನ ಆಚೆ ನಲವತ್ತು ನಿಮಿಷ ಮಗನ ಮುಖ ನೋಡಲು ಬಿಶೆಂಟಾ ತಿಂಗಳಿಗೊಮ್ಮೆ ಎರಡು ಹಗಲು ಬಸ್ಸಿನಲ್ಲಿ ಕೂರುತ್ತಿದ್ದಳು. ಅವಳು ಬುತ್ತಿ ಹಿಡಿದು ಹೋಗುವುದನ್ನು ಶೆಶಿಲಿ ನೋಡುತ್ತಿದ್ದಳು, ಸೊಂಟ ಹಿಡಿದುಕೊಂಡು ಬರುವುದನ್ನೂ ನೋಡುತ್ತಿದ್ದಳು. ಮಾತಿಲ್ಲ. ಒಂದು ವಸಂತದಲ್ಲಿ ಲಿಸಾರ್ದಿಯ ಜೇನು ಗುಂಪಾಗಿ ಎದ್ದು ಬಂದು ಅಗೆರ್ರೆಯ ಸೇಬಿನ ಮರದಲ್ಲಿ ಕೂತಿತು. ಶೆಶಿಲಿ ಅದನ್ನು ಖಾಲಿ ಪೆಟ್ಟಿಗೆಗೆ ಇಳಿಸಿಕೊಂಡಳು. ವಾಪಸು ಕೊಡಲಿಲ್ಲ, ಬಿಶೆಂಟಾ ಕೇಳಲೂ ಇಲ್ಲ. ಕೆಲವು ವರ್ಷದಲ್ಲಿ ಅದು ಗುಂಪೊಡೆದು ಮೂರೂ ಪೆಟ್ಟಿಗೆ ತುಂಬಿತು.

ಹೀಗೆ ಹದಿನಾಲ್ಕು ವರ್ಷ. ೨೦೦೧ರ ಏಪ್ರಿಲಿನ ಒಂದು ಬೆಳಿಗ್ಗೆ ಬಿಶೆಂಟಾಳ ಮಗಳು ನೆಕಾನೆ ಬಂದು ಗೋಡೆ ಹಿಡಿದು ನಿಂತಳು. ಶೆಶಿಲಿ ಹುರುಳಿಕಾಯಿಗೆ ಪಾತಿ ಮಾಡುತ್ತಿದ್ದಳು.

"ಏನೇ, ಗೋಡೆ ಬೀಳತ್ತೆ ಅಂತ ಹಿಡ್ಕೊಂಡು ನಿಂತಿದ್ದೀಯಾ? ಬಾಯಿದ್ರೆ ಹೇಳು."

"ಅಮ್ಮ ಹೋದ್ಲು, ಚಿಕ್ಕಮ್ಮ." ನೆಕಾನೆ ಅಳುತ್ತಿದ್ದಳು. "ನಿಮ್ಮನ್ನ ಕೇಳೋ ಮುಖ ನಮಗಿಲ್ಲ. ಆದ್ರೂ ಮೊದ್ಲು ನಿಮಗೆ ಹೇಳ್ಬೇಕಲ್ಲ, ಅದಕ್ಕೆ ಬಂದೆ."

ಶೆಶಿಲಿ ಹಿಡಿದ ಸಾಲನ್ನು ಮುಗಿಸಿ ಗುದ್ದಲಿಯನ್ನು ಗೋಡೆಗೆ ಒರಗಿಸಿದಳು. ಅವಳು ಹೋಗದಿದ್ದರೆ ತಪ್ಪೆನ್ನುವ ಬಾಯಿ ಊರಲ್ಲಿ ಒಂದೂ ಇರಲಿಲ್ಲ. ಆಮೇಲೆ ಕೈತೊಳೆದು ಕಪ್ಪು ಕೋಟು ಹಾಕಿಕೊಂಡಳು, ಗೋಡೆ ಸುತ್ತಿ ಲಿಸಾರ್ದಿಯ ಹಿತ್ತಲಿಗೆ ಹೋದಳು. ಐದು ಪೆಟ್ಟಿಗೆಗಳನ್ನೂ ಒಂದೊಂದಾಗಿ ತಟ್ಟಿದಳು.

"ಜೇನಮ್ಮಂದಿರೇ, ಒಡತಿ ಬಿಶೆಂಟಾ ತೀರಿಕೊಂಡ್ಲು. ಮೇಣ ಮಾಡಿ. ದೀಪಕ್ಕೆ ಬೇಕು."

ತನ್ನ ಮನೆಗೆ ಯಾರೂ ಮಾಡದೇ ಹೋದ ಕೆಲಸವನ್ನು ತಾನು ಪೂರ್ತಿಯಾಗಿ, ಒಂದು ಪೆಟ್ಟಿಗೆಯನ್ನೂ ಬಿಡದೆ ಮಾಡಿದಳು. ನನಗೆ ಇವತ್ತಿಗೂ ಇದು ಅರ್ಥವಾಗುವುದಿಲ್ಲ. ಬೆಟ್ಟದ ಬುಡದಲ್ಲಿ ನಿಂತು ತಲೆಯೆತ್ತಿದ ಹಾಗೆ ಆಗುತ್ತದೆ, ಅಷ್ಟೇ.

ಮರುದಿನ ಬೆಳಿಗ್ಗೆ ಶವ ಎತ್ತುವಾಗ ಸಂಘಟನೆಯ ಕಡೆಯ ಹುಡುಗರು ಕೈದಿಗಳ ಚಿತ್ರದ ಉದ್ದನೆಯ ಬ್ಯಾನರ್ ಬಿಚ್ಚಿ ಎಲ್ಲರಿಗಿಂತ ಮುಂದೆ ನಿಂತರು. ಶೆಶಿಲಿ ಶಿಲುಬೆ ಹಿಡಿದು ಅವರ ಹತ್ತಿರ ಹೋದಳು. ಅವಳ ತಲೆ ಅವರ ಎದೆಗೆ ಬರುತ್ತಿತ್ತು.

"ಜರುಗ್ರಪ್ಪ."

"ಅಜ್ಜಿ, ಇದು ಹೋರಾಟದ ತಾಯಿಯ ಮೆರವಣಿಗೆ," ಎಂದ ಒಬ್ಬ.

"ಇದು ಲಿಸಾರ್ದಿ ಮನೆಯ ಹೆಣ. ಮೊದಲ ನೆರೆ ನಾನು. ನನಗಿಂತ ಮುಂದೆ ದೇವ್ರೂ ನಡೆಯಲ್ಲ, ನೀನ್ಯಾವನೋ? ಬಟ್ಟೆ ಸುತ್ಕೊಂಡು ಹಿಂದೆ ಬಾ."

ಹುಡುಗ ನಮ್ಮ ಕಡೆ ನೋಡಿದ. ಯಾರಾದರೂ ತನ್ನ ಪರ ಮಾತಾಡಿಯಾರು ಎಂದಿದ್ದನೇನೋ. ನಾವು ಶಿಲುಬೆಯ ಹಿಂದೆ ಸಾಲಾಗಿ ನಿಂತೆವು. ಹುಡುಗರು ಬ್ಯಾನರ್ ಸುತ್ತಿದರು.

ಗೈಸ್ಕನಿಗೆ ಮೂರು ಗಂಟೆ ಬಿಡುವು ಸಿಕ್ಕಿತ್ತು. ಇಬ್ಬರು ಪೊಲೀಸರ ನಡುವೆ, ಕೋಳ ಹಾಕಿದ ಕೈಯಲ್ಲಿ, ತಾನು ವಿಧವೆ ಮಾಡಿದ ಹೆಂಗಸಿನ ಬೆನ್ನು ನೋಡುತ್ತಾ ಅವನು ತಾಯಿಯ ಹಿಂದೆ ಚರ್ಚಿನವರೆಗೂ ನಡೆದ. ಪೂಜೆ ಮುಗಿದ ಮೇಲೆ ಮೊದಲ ಬಟ್ಟಲು ಸಾರನ್ನು ಮಗನಿಗೆ ಬಡಿಸುವುದೂ ಮೊದಲ ನೆರೆಯ ಕೆಲಸ. ಲಿಸಾರ್ದಿಯ ಅಡುಗೆಮನೆಯಲ್ಲಿ ಶೆಶಿಲಿ ಬಟ್ಟಲು ತಂದು ಅವನ ಮುಂದಿಟ್ಟಳು. ಪೊಲೀಸರ ಕಡೆ ನೋಡಿ, "ಕೈ ಬಿಚ್ಚಿ. ಚಮಚ ಹಿಡೀಬೇಕು ಅವನು," ಎಂದಳು. ಅವರು ಬಿಚ್ಚಿದರು.

"ಚಿಕ್ಕಮ್ಮ, ನನ್ನ..." ಎಂದ ಗೈಸ್ಕ.

"ಕ್ಷಮೆ ಗಿಮೆ ಕೇಳ್ಬೇಡ. ನನ್ನ ಹತ್ರ ಇಲ್ಲ ಅದು. ಹುಡುಕಿ ನೋಡಿದೀನಿ, ಇಲ್ಲ." ಶೆಶಿಲಿ ಅವನೆದುರಿಗೆ ಕೂತಳು. "ಒಂದು ಮಾತು ಕೇಳು. ಇವತ್ತಿಂದ ಲಿಸಾರ್ದಿಯ ಒಡೆಯ ನೀನು. ಅಂದ್ರೆ ನನ್ನ ಮೊದಲ ನೆರೆ ನೀನು. ನನಗೆ ಬೇರೆ ಯಾರೂ ಇಲ್ಲ. ನಾನು ಸತ್ತಾಗ ನನ್ನ ಜೇನಿಗೆ ಹೇಳೋನು ನೀನೇ."

ಅವನು ಚಮಚ ಕೆಳಗಿಟ್ಟ.

"ಲೊಂಚೊ ಹೋದಾಗ ನಿಮ್ಮನೆಯಿಂದ ಯಾರೂ ಬರ್ಲಿಲ್ಲ. ಆ ಸುದ್ದಿ ಹಾಗೇ ಉಳಿದಿದೆ. ಮೊದಲು ಅವನ್ದು ಹೇಳು, ಆಮೇಲೆ ನನ್ದು. ಸುಳ್ಳು ಸೇರಿಸ್ಬೇಡ, ಜೇನಿಗೆ ಸುಳ್ಳು ಹೇಳಿದ್ರೆ ನಿಲ್ಲಲ್ಲ. ಅಲ್ಲೀವರೆಗೂ ಜೈಲಲ್ಲಿ ಸಾಯ್ಬೇಡ, ಗೊತ್ತಾಯ್ತಾ? ಸಾರು ಆರ್ತಿದೆ, ಕುಡಿ."

ಅವನು ಕುಡಿದ. ಬಿಡುವು ಮುಗಿಯಿತು, ಕರೆದುಕೊಂಡು ಹೋದರು.

ಮುಂದಿನ ಹತ್ತು ವರ್ಷದಲ್ಲಿ ಸಂಘಟನೆ ಸೊರಗಿ, ಕೊನೆಗೆ ಬಂದೂಕು ನಿಲ್ಲಿಸಿತು. ಊರಿನಲ್ಲಿ ಯಾರೂ ಕುಣಿಯಲಿಲ್ಲ, ಎಲ್ಲರೂ ಅವತ್ತು ಬೇಗ ಮನೆಗೆ ಹೋದೆವು. ೨೦೧೩ರಲ್ಲಿ ಗೈಸ್ಕ ಬಿಡುಗಡೆಯಾಗಿ ಬಂದ, ತಲೆಯೆಲ್ಲಾ ನರೆತಿತ್ತು. ಹೂಹಾರ ಹಿಡಿದು ಬಂದವರನ್ನು ಬಾಗಿಲಲ್ಲೇ ಕಳಿಸಿದ. ಗೋಡೆಯ ಆಚೆ ಅವನು, ಈಚೆ ಎಂಬತ್ತರ ಶೆಶಿಲಿ. ಮಾತು ಕಡಿಮೆ. "ನಿನ್ನ ಕೊಂಬೆ ನನ್ನ ಬೀನ್ಸಿಗೆ ನೆರಳು ಮಾಡ್ತಿದೆ, ಕಡಿ," ಎಂದು ಅವಳು ಕೂಗುತ್ತಿದ್ದಳು. ಅವನು ಕೆಮ್ಮಿದರೆ, "ಏಯ್, ನನಗಿಂತ ಮುಂಚೆ ಹೊರಡೋ ಯೋಚನೆ ಇದ್ಯಾ? ನಿನಗೆ ಕೆಲಸ ಇದೆ!" ಎನ್ನುತ್ತಿದ್ದಳು. ಕ್ಷಮಿಸಿದೆ ಎಂದು ಅವಳು ಹೇಳಿದ್ದನ್ನು ನಾವ್ಯಾರೂ ಕೇಳಿಲ್ಲ.

ಮೂರು ವರ್ಷದ ನಂತರ ಮಾರ್ಚಿನಲ್ಲಿ ಅವಳು ತೀರಿಕೊಂಡಳು. ಸುದ್ದಿ ಹಬ್ಬಿದ್ದೇ ತಡ, ಊರಿಗೆ ಊರೇ ಅಗೆರ್ರೆಯ ಗೋಡೆಯ ಬಳಿ ಸೇರಿತು. ೮೩ರಲ್ಲಿ ಕಿಟಕಿ ಮುಚ್ಚಿದ್ದ ನಾವೇ. ಅವನು ಹೇಳುತ್ತಾನೋ, ಬಾಯಿ ಕಟ್ಟಿ ಹಿಂದಿರುಗುತ್ತಾನೋ ಎಂದು ಕಾಯುತ್ತಿದ್ದೆವು.

ಗೈಸ್ಕ ಕಪ್ಪು ಕೋಟಿನಲ್ಲಿ ಬಂದು ಮೊದಲ ಪೆಟ್ಟಿಗೆಯನ್ನು ತಟ್ಟಿದ.

"ಜೇನಮ್ಮಂದಿರೇ, ಈ ಮನೆಯ ಒಡೆಯ ಲೊಂಚೊ ತೀರಿಕೊಂಡ." ಪೆಟ್ಟಿಗೆಯ ಮೇಲೆ ಕೈಯೂರಿದ. "ತೀರಿಕೊಂಡಿದ್ದಲ್ಲ. ನಾವು ಕೊಂದ್ವಿ. ಅವನು ಬರೋ ಹೊತ್ತು ಹೇಳ್ಕೊಟ್ಟಿದ್ದು ನಾನು. ಅವನು ಯಾರ ಮೇಲೂ ಚಾಡಿ ಹೇಳಿರ್ಲಿಲ್ಲ." ಮತ್ತೆ ತಟ್ಟಿದ. "ಒಡತಿ ಶೆಶಿಲಿ ತೀರಿಕೊಂಡ್ಲು. ಮೇಣ ಮಾಡಿ. ದೀಪ ಇಬ್ಬರಿಗೂ ಬೇಕು."

ಆಮೇಲೆ ಎರಡನೆಯ ಪೆಟ್ಟಿಗೆಗೂ ಅಷ್ಟನ್ನೂ ಹೇಳಿದ, ಮೂರನೆಯದಕ್ಕೂ ಅಷ್ಟನ್ನೂ. ನಾವು ಗೋಡೆಯ ಈಚೆ ನಿಂತು ಮೂರು ಸಲವೂ ಕೇಳಿಸಿಕೊಂಡೆವು.