ಜೂನ್ ಒಂದನೇ ತಾರೀಖಿನ ಮನೆತನ

ಶಿವರಾಯರ ಮನೆತನದಲ್ಲಿ ಎಲ್ಲರೂ ಹುಟ್ಟಿದ್ದು ಜೂನ್ ಒಂದನೇ ತಾರೀಖು. ನಗಬೇಡಿ, ಬೇಕಾದರೆ ಆಧಾರ್ ಕಾರ್ಡು ತೆಗೆಸಿ ನೋಡಿ. ಶಿವರಾಯರು ಜೂನ್ ಒಂದು, ಅವರ ಹೆಂಡತಿ ಚನ್ನಮ್ಮ ಜೂನ್ ಒಂದು, ಮಗ ಶಿವಕಾಂತ ಜೂನ್ ಒಂದು, ಸೊಸೆ ಸುಮಂಗಲಾನೂ ಜೂನ್ ಒಂದು. ವರ್ಷಕ್ಕೊಮ್ಮೆ ಆ ದಿನ ಬೆಳಿಗ್ಗೆ ಬ್ಯಾಂಕಿನ ಶುಭಾಶಯದ ಮೆಸೇಜು ಶಿವರಾಯರ ಸಂಭಾಜಿನಗರದ ಮನೆಯಲ್ಲೂ ಮಗನ ನಾಶಿಕದ ಮನೆಯಲ್ಲೂ ಎಲ್ಲರ ಫೋನಿಗೆ ಟಿಣ್ ಟಿಣ್ ಎಂದು ಬಂದು ಬೀಳುತ್ತದೆ. ಅವರ ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಹುಟ್ಟಿದ ದಿನ ಯಾರು ಬರೆದಿಟ್ಟಿದ್ದರು? ಶಾಲೆ ಶುರುವಾಗುವ ದಿನವನ್ನೇ ಮಾಸ್ತರರು ಹುಟ್ಟಿದ ದಿನ ಮಾಡಿ, ಆರು ವರ್ಷ ಹಿಂದಿನ ಇಸವಿ ಹಾಕಿಬಿಡುತ್ತಿದ್ದರು. ಶಾಲೆಯ ಮೆಟ್ಟಿಲನ್ನೇ ಹತ್ತದ ಚನ್ನಮ್ಮನಿಗೆ ಆಧಾರ್ ಮಾಡಿಸುವಾಗ ಶಿವರಾಯರೇ ಅದೇ ತಾರೀಖು ಬರೆಸಿದ್ದರು. ಮನೆಗೆ ಯಾರೇ ಬಂದರೂ ಶಿವರಾಯರು ಈ ಕತೆ ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸುಮಂಗಲಾ ಒಂದು ಸಲವೂ ನಕ್ಕವಳಲ್ಲ.

ಅವಳು ಹುಟ್ಟಿದ್ದು ಚಳಿಯಲ್ಲಿ, ತೊಗರಿ ರಾಶಿಯ ಹೊತ್ತಿನಲ್ಲಿ. ಅವ್ವ ಅದನ್ನು ನೂರು ಸಲ ಹೇಳಿದ್ದಳು. ನಾಲ್ಕೂವರೆ ವರ್ಷದವಳಿದ್ದಾಗ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಅಪ್ಪ ಅವಳನ್ನು ಅಕ್ಕನ ಜೊತೆ ಶಾಲೆಗೆ ಕರೆದುಕೊಂಡು ಹೋದ. ಆಗಿನ ಪರೀಕ್ಷೆ ಒಂದೇ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು, ಮುಟ್ಟಿದರೆ ಆರು ತುಂಬಿದ ಹಾಗೆ. ಅವಳ ಬೆರಳು ಕಿವಿಯ ಹತ್ತಿರವೂ ಹೋಗಲಿಲ್ಲ. ಮಾಸ್ತರರು ಅವಳ ತಲೆ ಬಗ್ಗಿಸಿ, ಕೈ ಜಗ್ಗಿ, "ಮುಟ್ಟಿತು" ಎಂದರು. ಹೀಗೆ ಸುಮಂಗಲಾ ಒಂದೇ ಬೆಳಿಗ್ಗೆ ಒಂದೂವರೆ ವರ್ಷ ದೊಡ್ಡವಳಾದಳು.

ದೊಡ್ಡ ಹುಡುಗಿಯರ ನಡುವೆ ಕೂತು ಅವಳು ಅತ್ತಳು, ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಳು, ಎರಡನೇ ಇಯತ್ತೆಯ ಪಾಠ ಮುಗಿಯುವವರೆಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಆಮೇಲೆ ಹಠ ಹಿಡಿದು ಓದಿದಳು. ನರ್ಸ್ ಆಗಬೇಕು ಎಂದು ಪಿಯುಸಿಗೆ ಸೇರಿದಳು. ಅಷ್ಟರಲ್ಲಿ ನಾಶಿಕದಲ್ಲಿ ಕಂಪನಿ ಕೆಲಸದ ವರ ಬಂದ. "ನನಗಿನ್ನಾ ಹದಿನಾರ್ರೀ ಅಪ್ಪಾ" ಎಂದು ಕಾಲು ಹಿಡಿದರೆ, ಅಪ್ಪ ಶಾಲೆಯ ದಾಖಲಾತಿ ತೆಗೆದು ಬೀಗರ ಮುಂದೆ ಇಟ್ಟ. ಹದಿನೆಂಟು ತುಂಬಿದೆ, ನೋಡಿಕೊಳ್ಳಿ! ಶಿವರಾಯರು ಕನ್ನಡಕ ಏರಿಸಿ ನೋಡಿ, "ಎಲ್ಲಾ ಕಾಯ್ದೆ ಪರಕಾರ ಅದ" ಎಂದರು. ಅದಾದ ಮೇಲೆ ಎರಡು ಬಸಿರು ನಿಲ್ಲಲಿಲ್ಲ. ಮೈ ಇನ್ನೂ ಬಲಿತಿಲ್ಲ, ವಯಸ್ಸೆಷ್ಟು ಎಂದು ಡಾಕ್ಟರಮ್ಮ ಕೇಳಿದಾಗ ಶಿವಕಾಂತ ಕಾಗದದ ವಯಸ್ಸು ಹೇಳಿದ. ಪಕ್ಕದಲ್ಲೇ ಕೂತ ಸುಮಂಗಲಾ ಬಾಯಿ ಬಿಡಲಿಲ್ಲ. ಆ ಬಾಯಿಗೆ ಇವತ್ತಿಗೂ ಅವಳು ಶಾಪ ಹಾಕುತ್ತಾಳೆ.

ಕೊನೆಗೆ ರಂಜನಿ ಹುಟ್ಟಿದಳು. ಅವ್ವ ತೀರಿಹೋಗಿದ್ದರಿಂದ ಬಾಣಂತನ ಸಂಭಾಜಿನಗರದಲ್ಲಿ, ಅತ್ತೆಯ ಮನೆಯಲ್ಲಿ. ಎಳ್ಳಮಾಸಿ ಹಬ್ಬದ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಎರಡನೇ ದಿನ, ಜನವರಿ ಏಳು, ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಹೆರಿಗೆಯಾಯಿತು. ನರ್ಸಿಂಗ್ ಹೋಮಿನ ಡಿಸ್ಚಾರ್ಜ್ ಚೀಟಿಯನ್ನು ಸುಮಂಗಲಾ ಸೀರೆಯ ಮಡಿಕೆಯಲ್ಲಿಟ್ಟು ಕಾಪಾಡಿದಳು. ತನ್ನ ಮಗಳಿಗಾದರೂ ಒಂದು ಖರೆ ಹುಟ್ಟಿದ ದಿನ ಇರಲಿ ಎಂಬುದು ಅವಳ ಒಂದೇ ಆಸೆ. ಮನೆಯ ಕಾಗದಪತ್ರವೆಲ್ಲ ಗಂಡನ ಬೀರುವಿನಲ್ಲಿರುತ್ತಿತ್ತು. ನಗರಪಾಲಿಕೆಯ ಜನ್ಮಪತ್ರವನ್ನು ಅವಳು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ರಂಜುಗೆ ಐದು ತುಂಬಿ ಒಂದು ತಿಂಗಳಾಗಿತ್ತು. ಓಣಿಯ ಬಾಲವಾಡಿ ಮುಗಿಯುತ್ತ ಬಂದಿತ್ತು. ದೊಡ್ಡ ಶಾಲೆಯಲ್ಲಿ ಒಂದು ವರ್ಷ ಸೀನಿಯರ್ ಕೆಜಿ, ಆಮೇಲೆ ಒಂದನೇ ಇಯತ್ತೆ ಎಂದು ಸುಮಂಗಲಾ ಲೆಕ್ಕ ಹಾಕಿಕೊಂಡಿದ್ದಳು. ಹುಡುಗಿ ಇನ್ನೂ ಮಧ್ಯಾಹ್ನ ಮಲಗುತ್ತದೆ, ಹೊಸಬರನ್ನು ಕಂಡರೆ ಸೆರಗಿನ ಹಿಂದೆ ಹೋಗುತ್ತದೆ, ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ. ಗಂಡ ಹೆಂಡತಿ ಹುಡುಗಿಯನ್ನು ಕರೆದುಕೊಂಡು ಅರ್ಜಿ ಕೊಡಲು ಹೋದಾಗ ಶಾಲೆಯ ಆಫೀಸಿನಲ್ಲಿ ಕೂತ ಮೇಡಂ ಜನ್ಮಪತ್ರ ನೋಡಿ ಹುಬ್ಬೇರಿಸಿದರು.

"ಕೆಜಿ ಯಾಕೆ? ಡಿಸೆಂಬರ್ ಮೂವತ್ತೊಂದರೊಳಗೆ ಆರು ತುಂಬಿದರೆ ಸಾಕು. ಇವಳಿಗೆ ಮೂವತ್ತಕ್ಕೇ ತುಂಬುತ್ತದೆ. ಸೀದಾ ಒಂದನೇ ಇಯತ್ತೆಗೆ ಹಾಕಿ" ಎಂದರು ಮರಾಠಿಯಲ್ಲಿ.

ಮೂವತ್ತಕ್ಕೆ? ಸುಮಂಗಲಾ ಕಾಗದ ಕಸಿದುಕೊಂಡು ನೋಡಿದಳು. ಮೂವತ್ತು ಡಿಸೆಂಬರ್! ಎಂಟು ದಿನ ಹಿಂದೆ! ಗಂಡನ ಮುಖ ನೋಡಿದರೆ, ಆತನಿಗೆ ಗೊತ್ತಿತ್ತು.

"ಅಪ್ಪಾರು ಆವಾಗೇ ಬರೆಸಿಟ್ಟಾರ" ಎಂದ ಶಿವಕಾಂತ ಹೆಮ್ಮೆಯಿಂದ. "ನರ್ಸಿಂಗ್ ಹೋಮಿನ್ಯಾಗ ಫಾರಮ್ ತುಂಬಿದವರು ಅವರೇ. ಒಂದ್ ವರ್ಷ ಉಳೀತದ ಪೋರಿದು."

"ಉಳಿಸಿ ಏನ್ ಮಾಡ್ತೀರಿ? ವರ್ಷ ಮುಂಚಿತ ಲಗ್ನಾ ಮಾಡ್ತೀರೇನು?"

ಆಫೀಸಿನ ಮೇಡಂಗೆ ಕನ್ನಡ ಬಾರದಿದ್ದರೂ ಆ ದನಿ ಅರ್ಥವಾಯಿತು. ಸುಮಂಗಲಾ ಅರ್ಜಿ ಬಿಟ್ಟು, ಜನ್ಮಪತ್ರ ಹಿಡಿದು, ಮಗಳ ಕೈ ಹಿಡಿದು ಹೊರಬಿದ್ದಳು. ಮರುದಿನ ಬೆಳಿಗ್ಗೆ ಸಂಭಾಜಿನಗರದ ಬಸ್ಸು ಹತ್ತಿದಳು. ಶಿವಕಾಂತ, "ಎಂಟ್ ದಿನದ್ದೇನ್ ರಂಪ ಹಚ್ಚೀದಿ" ಎನ್ನುತ್ತ ಬಸ್ ಸ್ಟ್ಯಾಂಡಿನವರೆಗೂ ಬಂದ. ಅವಳು ತಿರುಗಿ ನೋಡಲಿಲ್ಲ. ವೈಜಾಪುರ ದಾಟುವಾಗ ರಂಜು ತೊಡೆಯ ಮೇಲೆ ಬೆರಳು ಚೀಪುತ್ತ ನಿದ್ದೆ ಹೋಗಿತ್ತು. ಇದನ್ನು ಒಂದನೇ ಇಯತ್ತೆಗೆ ಕೂಡಿಸುತ್ತಾರಂತೆ!

ಶಿವರಾಯರು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದರು. ಸೊಸೆ ನೀರೂ ಕುಡಿಯದೆ ಡಿಸ್ಚಾರ್ಜ್ ಚೀಟಿ, ಜನ್ಮಪತ್ರ ಎರಡನ್ನೂ ಅವರ ಮುಂದೆ ಇಟ್ಟಳು.

"ಇದರಾಗ ಜನವರಿ ಏಳು. ಇದರಾಗ ಡಿಸೆಂಬರ್ ಮೂವತ್ತು. ನನ್ನ ಕೂಸು ಎರಡ್ ಸಲ ಹುಟ್ಟಿತೇನ್ರಿ ಮಾಮಾ?"

ಶಿವರಾಯರು ನಕ್ಕರು. "ಅಯ್ಯ, ಅದಕ್ಯಾಕ ಅಷ್ಟ್ ದೂರದಿಂದ ಓಡಿ ಬಂದಿ? ಒಂದ್ ವಾರದ ಸಲುವಾಗಿ ವರ್ಷ ಹಿಂದ ಬೀಳ್ತಿತ್ತಲ್ಲ, ಅದಕ್ಕ ಬರೆಸೀನಿ. ನಮ್ಮದೆಲ್ಲಾ ಹಂಗೇ ಬರೆಸಿಲ್ಲೇನು? ಏನ್ ಕೆಟ್ಟದಾಗ್ಯದ ನಮಗ?"

"ನನಗ ಆಗ್ಯದರೀ!"

ಹನ್ನೆರಡು ವರ್ಷದಲ್ಲಿ ಆ ಪಡಸಾಲೆಯಲ್ಲಿ ಸೊಸೆಯ ದನಿ ಅಷ್ಟು ಏರಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಿಗೆ ಚನ್ನಮ್ಮ ಬಂದು ನಿಂತರು, ಹಿಟ್ಟಿನ ಕೈಯಲ್ಲೇ.

"ಹದಿನಾರಕ್ಕ ನನ್ನ ಲಗ್ನಾ ಆಯ್ತು. ಕಾಗದದಾಗ ಹದಿನೆಂಟಿತ್ತು. ನೀವೇ ನೋಡಿ ಕಾಯ್ದೆ ಪರಕಾರ ಅದ ಅಂದ್ರಿ. ಎರಡ್ ಕೂಸು ಹೊಟ್ಟ್ಯಾಗೇ ಹೋದ್ವು. ಯಾರ್ ಬರೆದ್ರ್ ಅದನ್ನ? ಯಾವ ಫಾರಮಿನ್ಯಾಗ ಅದ?"

ಶಿವರಾಯರ ಮುಖ ಕಪ್ಪಿಟ್ಟಿತು. ಆದರೆ ಸೋಲು ಒಪ್ಪುವ ಜೀವವಲ್ಲ ಅದು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು. "ಶಾಣ್ಯಾಕಿ ಇದ್ದಾಳ ನನ್ ಬಂಗಾರಿ. ಒಂದನೇ ಇಯತ್ತೆಗಿ ಯಾಕ ಬ್ಯಾಡ? ಎಲ್ಲಿ, ಕೈ ತಲೀ ಮ್ಯಾಲಿಂದ ತಂದು ಕಿವಿ ಮುಟ್ಟು ನೋಡೂಣು."

ರಂಜು ಆಟವೆಂದುಕೊಂಡು ಕೈ ಎತ್ತಿದಳು. ಬೆರಳು ಜುಟ್ಟಿನ ರಿಬ್ಬನ್ನಿನ ಹತ್ತಿರವೇ ನಿಂತಿತು. "ಇಷ್ಟೇ ಇಷ್ಟು" ಎನ್ನುತ್ತ ಶಿವರಾಯರು ಹುಡುಗಿಯ ತಲೆಯ ಮೇಲೆ ಅಂಗೈಯಿಟ್ಟು ಬಗ್ಗಿಸಿದರು, ಇನ್ನೊಂದು ಕೈಯಿಂದ ಅವಳ ಪುಟ್ಟ ಕೈಯನ್ನು ಜಗ್ಗಿದರು. "ಅಜ್ಜಾ, ದುಖತಂಯ್" ಎಂದು ಹುಡುಗಿ ನೋವಿಗೆ ಮರಾಠಿಯಲ್ಲಿ ಚೀರಿತು.

ಸುಮಂಗಲಾ ಮಾವನ ಕೈಗೆ ಫಟ್ಟನೆ ಹೊಡೆದಳು.

"ಆಕಿ ತಲೀ ಬಗ್ಗಸಬ್ಯಾಡ್ರಿ!"

ಹೊಡೆದದ್ದಕ್ಕೆ ಅವಳಿಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಶಿವರಾಯರು ತಮ್ಮ ಕೈಯನ್ನೇ ನೋಡುತ್ತ ಕೂತರು. ಗಂಡನ ಎದುರು ಎಂದೂ ಒಂದು ಮಾತೂ ಆಡದ ಚನ್ನಮ್ಮ ಹಿಟ್ಟಿನ ಕೈ ತೊಳೆದುಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿಕೊಂಡು ಬಂದರು.

"ನಡೀ ಸುಮಂಗಲಾ. ಕೂಸು ಹುಟ್ಟುಮುಂದ ನಾ ಅಲ್ಲೇ ಇದ್ದೆ. ಎಲ್ಲಿ ಹೇಳ್ಬೇಕೋ ಹೇಳ್ತೀನಿ." ಆಮೇಲೆ ಗಂಡನ ಕಡೆ ತಿರುಗಿದರು. "ನೀವೂ ಏಳ್ರಿ. ಬರೆಸಿದವರು ನೀವು, ತಿದ್ದಸೋದೂ ನೀವೇ. ನನಗೂ ಹದಿಮೂರಕ್ಕ ಲಗ್ನಾ ಮಾಡಿದ್ರು. ನಾ ಯಾರ ಮುಂದ ಅಂದೀನಿ?"

ನಗರಪಾಲಿಕೆಯ ಕೌಂಟರಿನಲ್ಲಿದ್ದ ಹುಡುಗಿ ಡಿಸ್ಚಾರ್ಜ್ ಚೀಟಿ ನೋಡಿ, ತಿದ್ದುಪಡಿ ಆಗುತ್ತದೆ, ತಾಯಿಯ ಅರ್ಜಿ ಬೇಕು, ಕಣ್ಣಾರೆ ಕಂಡ ಇಬ್ಬರ ಸಾಕ್ಷಿ ಬೇಕು ಎಂದಳು. ಸುಮಂಗಲಾ ನಿಂತುಕೊಂಡೇ ಬರೆದಳು. ಮಗುವಿನ ಸರಿಯಾದ ಜನ್ಮದಿನಾಂಕ: ಏಳು ಜನವರಿ. ಅಂಕಿಗಳನ್ನು ದಪ್ಪಗೆ ತಿದ್ದಿ ತಿದ್ದಿ ಬರೆದಳು. ಅದರ ಕೆಳಗೆ ಅರ್ಜಿದಾರರ ಜನ್ಮದಿನಾಂಕ ಎಂದಿತ್ತು. ಪೆನ್ನು ಅಲ್ಲಿ ನಿಂತಿತು. ಆಧಾರ್ ಇದ್ದಂತೆಯೇ ಬರೆಯಿರಿ, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ ಎಂದಳು ಹುಡುಗಿ. ಸುಮಂಗಲಾ ಹಲ್ಲು ಕಚ್ಚಿ ಜೂನ್ ಒಂದು ಎಂದು ಬರೆದಳು. ಚನ್ನಮ್ಮ ಹೆಬ್ಬೆಟ್ಟು ಒತ್ತಿದರು, ಜೂನ್ ಒಂದು. ಶಿವರಾಯರು ಸಹಿ ಮಾಡಿದರು, ಜೂನ್ ಒಂದು.

ಹುಡುಗಿ ಮೂರೂ ಕಾರ್ಡು ಸಾಲಾಗಿಟ್ಟು ನಕ್ಕಳು. "ಏನಿದು, ಮೂವರೂ ಒಂದೇ ದಿನ ಹುಟ್ಟಿದ್ದೀರಾ?"

ಎಷ್ಟು ಸಲ ಹೇಳಿದ ಕತೆ ಅದು! ಶಿವರಾಯರ ಬಾಯಿ ಎಂದಿನಂತೆ ನಗಲು ಅರ್ಧ ತೆರೆಯಿತು. ಸೊಸೆಯ ಮುಖ ನೋಡಿ ಹಾಗೆಯೇ ಮುಚ್ಚಿಕೊಂಡಿತು.

"ನಮ್ಮ ಮೂವರದೂ ಸುಳ್ಳು" ಎಂದಳು ಸುಮಂಗಲಾ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, ಮರಾಠಿಯಲ್ಲಿ. "ಇರಲಿ ಬಿಡಿ. ಇವಳದೊಂದು ಖರೆ ಬರೆದುಕೊಳ್ಳಿ."