ಅಪ್ಪನ ಲೋಟದ ಆಡುಸೋಗೆ

ಲ್ಯಾಬಿನಲ್ಲಿ ನಾನೇನು ಮಾಡ್ತೀನಿ ಅಂತ ಅಪ್ಪನಿಗೆ ಒಂದೇ ಸಲ ಬಿಡಿಸಿ ಹೇಳಿದ್ದೆ. ಮನುಷ್ಯರ ಶ್ವಾಸಕೋಶದ ಜೀವಕೋಶಗಳನ್ನ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸ್ತೀವಿ. ಅದರ ಮೇಲೆ ಡೀಸೆಲ್ ಹೊಗೆಯ ಮಸಿ ಹಾಕ್ತೀವಿ, ಬೇಕಾದಷ್ಟು ಸಾಯ್ತವೆ. ಆಡುಸೋಗೆ ಎಲೆಯಿಂದ ತೆಗೆದ ಸತ್ವ ಮೊದಲೇ ಹಾಕಿದ್ರೆ ಅಷ್ಟು ಸಾಯಲ್ಲ. ಇಷ್ಟೇ ಕಥೆ.

“ಯಾರವು ಆ ಜೀವಕೋಶ?” ಅಂದ ಅಪ್ಪ.

“ಯಾರೋ ರೋಗಿಯದು. ಆ ಮನುಷ್ಯ ಸತ್ತು ಎಷ್ಟೋ ಕಾಲ ಆಯ್ತು. ಇವನ್ನ ಹಾಗೇ ಬೆಳೆಸ್ಕೊಂಡು ಬರ್ತಾರೆ.”

ಅಪ್ಪ ಬಾಯಿ ಮೇಲೆ ಕೈ ಇಟ್ಕೊಂಡ. ನಾನು ಅಲ್ಲಿಗೆ ಮುಗೀತು ಅಂದ್ಕೊಂಡೆ.

ಎಲ್ಲಿ ಮುಗಿಯತ್ತೆ! ಗೊಟ್ಟಿಗೆರೆಯಲ್ಲಿ ನಮ್ಮ ಹೊಲ ಇದ್ದಾಗ ಬೇಲಿಗೆ ಹಾಕಿದ್ದೇ ಆಡುಸೋಗೆ, ಮೇಕೆ ಬಾಯಿ ಹಾಕಲ್ಲ ಅಂತ. ಹೊಲ ಹೋಗಿ ಸೈಟಾಯ್ತು, ಸೈಟಲ್ಲಿ ನಮ್ಮ ಮನೆ, ಜೊತೆಗೆ ಬಾಡಿಗೆ ಮನೆಗಳು ಎದ್ದವು. ಬೇಲಿಯ ನಾಲ್ಕು ಗಿಡ ಮಾತ್ರ ಕಾಂಪೌಂಡ್ ಪಕ್ಕ ಬನ್ನೇರುಘಟ್ಟ ರಸ್ತೆಯ ಧೂಳು ಹೊದ್ಕೊಂಡು ಉಳಿದಿದ್ದವು. ಅಪ್ಪ ಅದೇ ಧೂಳಲ್ಲಿ, ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ದಿನವಿಡೀ ಕೂರೋನು. ಒಳಗೆ ಬಾ ಅಂದ್ರೆ ಕೇಳ್ತಿರಲಿಲ್ಲ. ಕೆಮ್ಮು, ಉಬ್ಬಸ ಎರಡೂ ಆಗ್ಲೇ ಹಿಡಿದಿತ್ತು. ನನ್ನ ಮಾತು ಕೇಳಿದ್ದೇ ತಡ, ಎಲೆ ಕಿತ್ತು ಕಷಾಯ ಕಾಯಿಸೋಕೆ ಶುರು. ತಾನು ಕುಡಿಯೋದು ಸಾಲದು ಅಂತ ಬೀದಿಗೆಲ್ಲ ಎಲೆ ಹಂಚೋದು ಬೇರೆ. “ನನ್ನ ಮಗಳು ಕಂಡ್ಹಿಡಿದವ್ಳೆ!” ಅಯ್ಯೋ, ನನಗೆ ಮುಖ ಎಲ್ಲಿಟ್ಕೊಳ್ಳೋದು ಅನ್ನಿಸೋದು.

ಡಾಕ್ಟರು ಬರೆದ ಇನ್‌ಹೇಲರ್ ಬಗ್ಗೆ ಮಾತ್ರ ಬೇರೇನೇ ರಾಗ. “ಒಂದ್ಸಲ ಹಿಡಿದ್ರೆ ಬುಡಲ್ಲ ಕಣವ್ವ, ಸಾಯೋಗಂಟ ಅಂಟ್ಕತದೆ.” ತಗೊಂಡ್ಯಾ ಅಂತ ಕೇಳಿದ್ರೆ ಹೂಂ ಅನ್ನೋನು. ನಾನೂ ನಂಬಿದ್ದೆ.

ಒಂದು ಭಾನುವಾರ ಬೆಳಗ್ಗೆ ಮನೆ ಮುಂದೆ ಪೈಪಿಗೆ ಅಂತ ರಸ್ತೆ ಕೊಯ್ಯೋ ಮಿಷನ್ ತಂದ್ರು. ಬಿಳಿ ಧೂಳು ಮಹಡಿ ತನಕ ಎದ್ದಿತ್ತು. ಕಿಟಕಿ ಹಾಕ್ತಿದ್ದೆ, ಅಮ್ಮ ಮೆಟ್ಟಿಲಿಂದ ಕೂಗಿದಳು. ಓಡಿಬಂದ್ರೆ ಅಪ್ಪ ಮೆಟ್ಟಿಲ ಮೇಲೆ ಕೂತು ಕಂಬಿ ಹಿಡ್ಕೊಂಡಿದ್ದಾನೆ. ಭುಜ ಎದ್ದು ಎದ್ದು ಬೀಳ್ತಿದೆ, ತುಟಿ ನೀಲಿ. ಇನ್ನೊಂದು ಕೈಲಿ ಕಷಾಯದ ಲೋಟ.

“ಇನ್‌ಹೇಲರ್ ಎಲ್ಲಿ?”

ಅಮ್ಮ ಶೋಕೇಸಿನ ಕಡೆ ಕೈ ತೋರಿಸಿದಳು. ನಾನು ಡಿಗ್ರಿ ತಗೊಂಡ ದಿನದ ಫೋಟೋ ಹಿಂದೆ ಇತ್ತು, ಸೀಲ್ ಕೂಡ ಒಡೆದಿರಲಿಲ್ಲ. ಹಲ್ಲಲ್ಲೇ ಹರಿದು, ಅಲ್ಲಾಡಿಸಿ, ಬಾಯಿ ಹತ್ರ ಹಿಡಿದೆ. ಅಪ್ಪ ಮುಖ ತಿರುಗಿಸಿ ಲೋಟ ಎತ್ತಿದ.

“ಸತ್ತೋರ್ದು... ಉಳಿಸ್ತೀಯ,” ಅಂದ. ಉಸಿರು ಸಿಕ್ಕಮೇಲೆ, “ನಂದು... ಉಳಿಯಲ್ವಾ?”

“ಉಳಿಯಲ್ಲ!” ಅಂತ ಕಿರುಚಿದೆ. “ಅದು ತಟ್ಟೆ ಅಪ್ಪ! ಮಸಿ ಹಾಕೋಳು ನಾನೇ, ಸತ್ವ ಹಾಕೋಳೂ ನಾನೇ, ಎಷ್ಟು ಬೇಕೋ ಅಷ್ಟು. ನಿನ್ನ ಲೋಟದಲ್ಲಿ ಏನೆಷ್ಟಿದೆ ಅಂತ ನನಗೇ ಗೊತ್ತಿಲ್ಲ. ನನ್ನ ಕೆಲಸದಿಂದ ಇವತ್ತಿನವರೆಗೂ ಒಬ್ಬರೇ ಒಬ್ಬರ ಉಸಿರೂ ಉಳಿದಿಲ್ಲ. ಇದು ನಿನಗೆ ಆಗಲ್ಲ, ಬಾಯಿ ತೆಗಿ!”

ಅಪ್ಪ ನನ್ನನ್ನೇ ನೋಡಿದ. ಉಸಿರಿಲ್ಲದೆ ಒದ್ದಾಡ್ತಿದ್ದ ಆ ಮುಖದಲ್ಲೂ ಅವಮಾನ ಕಾಣಿಸ್ತಿತ್ತು, ತನಗೆ ಆದದ್ದೋ ನನಗೆ ಆದದ್ದೋ ತಿಳೀಲಿಲ್ಲ. ಆಮೇಲೆ ಲೋಟ ಕೆಳಗಿಟ್ಟು ಬಾಯಿ ತೆಗೆದ.

ಮೊದಲ ಸಲ ಒತ್ತಿದ್ದು ಮೂಗಿಂದಲೇ ಆಚೆ ಹೋಯ್ತು. “ಎಳ್ಕೋ ಅಪ್ಪ. ಹಿಡ್ಕೋ. ಈಗ ಬಿಡು.” ಮುಂದಿನದು ಒಳಗೆ ಹೋಯ್ತು. ಬಾಡಿಗೆಯವರೊಬ್ಬರು ಆಟೋ ತಂದ್ರು. ನರ್ಸಿಂಗ್ ಹೋಮಿನಲ್ಲಿ ಆಕ್ಸಿಜನ್ ಹಾಕಿದ ಮೇಲೆ ತುಟಿಗೆ ಬಣ್ಣ ಬಂತು.

ಮನೆಗೆ ಬಂದಮೇಲೆ ಡಾಕ್ಟರು ಹೇಳಿದ ಹೊತ್ತಿಗೆ ಅಪ್ಪ ಇನ್‌ಹೇಲರ್ ಎಳೀತಿದ್ದ, ನನ್ನ ಹತ್ರ ಮಾತ್ರ ಮಾತಿಲ್ಲ. ಜೀವ ಉಳೀತಲ್ಲ, ಸಾಕು ಅಂತ ನನಗೆ ನಾನೇ ಹೇಳ್ಕೊಂಡೆ. ಸಾಕಾಗಿರಲಿಲ್ಲ. ಮಗಳು ಕಂಡ್ಹಿಡಿದವ್ಳೆ ಅಂತ ಅಪ್ಪ ಬೀಗೋದನ್ನ ಇನ್ನೊಂದ್ಸಲ ಕೇಳಬೇಕು ಅನ್ನಿಸಿ ಸ್ನಾನದ ಮನೇಲಿ ಅತ್ತುಬಿಟ್ಟೆ.

ಮುಂದಿನ ವಾರ ನಾನು ಸ್ಕೂಟರ್ ತೆಗೀತಿದ್ದಾಗ ಎದುರು ಮನೆ ಹೆಂಗಸು ಗೇಟಲ್ಲಿ ಕೂತಿದ್ದ ಅಪ್ಪನ ಹತ್ರ ಬಂದಳು.

“ಅಂಕಲ್, ನಾಲ್ಕು ಎಲೆ ಕೊಡ್ತೀರಾ? ಮಗುಗೆ ಎದೆ ಗೊರಗೊರ ಅಂತಿದೆ.”

“ಎಲೆ ಬ್ಯಾಡ ಕಣವ್ವ. ಮೊದ್ಲು ಡಾಕ್ಟ್ರತ್ರ ಕರ್ಕೊಂಡೋಗು.”

“ನಿಮ್ಮ ಮಗಳೇ ಕಂಡ್ಹಿಡಿದಿದ್ದು ಅಂತಿದ್ರಿ?”

“ಹೂಂ. ಅವಳೇ ಹೇಳಿದ್ದು, ಇದಿನ್ನೂ ಔಸ್ದಿ ಆಗಿಲ್ಲ ಅಂತ.” ಅಪ್ಪ ಏದುಸಿರಲ್ಲೇ ಎದೆ ಮುಂದೆ ಮಾಡಿ ಕೂತ. “ನನ್ನ ಮಗಳಿಗಿಂತ ಚೆನ್ನಾಗಿ ಯಾರಿಗವ್ವ ಗೊತ್ತಿರ್ತದೆ?”

ನಾನು ಕಿರುಚಿ ಹೇಳಿದ್ದು ಆಗಲ್ಲ ಅಂತ. ‘ಇನ್ನೂ’ ಅನ್ನೋದನ್ನ ಸೇರಿಸಿದ್ದು ಅಪ್ಪ.